ಬಡವನ ಮಗನಿಗೆ ಮನಸ್ಸಿಲ್ಲವೇ?

ಕೊರೋನಾ ಮುಗಿಯಿತು, ಇನ್ನೇಕೆ ಆ ಮಾತು ಎನ್ನುವವರಿದ್ದಾರೆ. ಗಿರಣಿ ಓಡುತ್ತಿದೆ, ತುಮಕೂರಿನ ಮಂಡಿಪೇಟೆಯಲ್ಲಿ ಮೂಟೆ ಇಳಿಯುತ್ತಿದೆ, ನಿಜ. ಆದರೆ ಅಂದು ಮಾತು ಬಿಟ್ಟು ಮನೆಯ ಮೂಲೆ ಹಿಡಿದ ಹುಡುಗ ಹುಡುಗಿಯರ ಲೆಕ್ಕ ಯಾವ ಕಡತದಲ್ಲಿದೆ?

2020ರ ಮಾರ್ಚಿಯಲ್ಲಿ ಶಾಲೆಗಳಿಗೆ ಬೀಗ ಬಿತ್ತು. 25ರಿಂದ ಇಡೀ ದೇಶಕ್ಕೇ ಬಿತ್ತು. ಕೂಲಿ ನಿಂತಿತು, ಅಂಗಡಿ ಮುಚ್ಚಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ಪಾಠವೆಲ್ಲ ಮೊಬೈಲಿನಲ್ಲಿ ಎಂದರು. ಮನೆಗೊಂದು ಮೊಬೈಲು, ಮಕ್ಕಳು ಮೂವರು! ಆಗಸ್ಟಿನಲ್ಲಿ 'ವಿದ್ಯಾಗಮ'ವೆಂದು ಮೇಷ್ಟರನ್ನು ಊರೂರಿಗೆ ಕಳಿಸಿದರು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಹತ್ತನೆಯ ತರಗತಿಯ ಬಾಗಿಲು ತೆರೆದದ್ದು 2021ರ ಜನವರಿ 1ರಂದು. ಆ ಒಂಬತ್ತು ತಿಂಗಳು ಹುಡುಗ ಕಂಡದ್ದೇನು? ಸಾಲ ಕೊಟ್ಟವರ ಎದುರು ತಲೆ ತಗ್ಗಿಸಿದ ಅಪ್ಪನನ್ನು. ಹುಡುಗಿ ಕೇಳಿದ್ದೇನು? ತನ್ನ ಮದುವೆಯ ಮಾತನ್ನು.

ಸರ್ಕಾರದ್ದೇ ಅಪರಾಧ ದಾಖಲೆ ಕಚೇರಿ ಹೇಳುತ್ತದೆ: 2019ರಲ್ಲಿ ದೇಶದಲ್ಲಿ ತಮ್ಮ ಪ್ರಾಣ ತಾವೇ ಕಳೆದುಕೊಂಡ ವಿದ್ಯಾರ್ಥಿಗಳು 10,335, 2020ರಲ್ಲಿ 12,526. ಎಲ್ಲ ಸಾವಿಗೂ ಒಂದೇ ಕಾರಣವೆಂದು ನಾವು ಹೇಳೆವು. ಆದರೆ 'ಮೊಬೈಲ್ ಚಟ', 'ಈಗಿನ ಹುಡುಗರಿಗೆ ಗಟ್ಟಿತನವಿಲ್ಲ' ಎಂದು ಕೈ ತೊಳೆದುಕೊಳ್ಳುವ ದೊಡ್ಡವರನ್ನು ಕೇಳುತ್ತೇವೆ: ಮೊಬೈಲಿನಲ್ಲೇ ಕಲಿ ಎಂದು ಅಪ್ಪಣೆ ಮಾಡಿದವರು ಯಾರು?

ಬಂಧುಗಳೇ, ನಮ್ಮ ತಪ್ಪೂ ಇದೆ. ಕುಣಿಗಲ್ ಕುದುರೆಗೆ ಹೆಸರಾದ ಊರು. ಕುದುರೆ ಮೇವು ಬಿಟ್ಟರೆ ಅದಕ್ಕೇನೋ ಕಾಯಿಲೆಯೆಂದು ವೈದ್ಯರನ್ನು ಕರೆಸುತ್ತಾರೆ. ನಮ್ಮ ಮಗಳು ಊಟ ಬಿಟ್ಟರೆ ಸೊಕ್ಕು ಎನ್ನುತ್ತೇವೆ, ಗಾಳಿ ಸೋಕಿತೆಂದು ತಾಯತ ಕಟ್ಟಿಸುತ್ತೇವೆ. ನಾನೂ ಮೇಷ್ಟರಾಗಿದ್ದವನು, ಮಂಕಾಗಿ ಕೂತ ಹುಡುಗನನ್ನು ಸೋಮಾರಿ ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಇಂದು ನಾಚುತ್ತೇನೆ.

ಇದು ಬೆಂಗಳೂರಿನ ನಿಮ್ಹಾನ್ಸಿಗೇ ಹೋಗಬೇಕಾದ ಕಾಯಿಲೆ ಎಂದು ಹೆದರಿಸುವವರಿದ್ದಾರೆ. ಗುಬ್ಬಿಯಿಂದ ಹೋಗಿ ಬರಲು ಇಬ್ಬರ ಚಾರ್ಜು, ಒಂದು ದಿನದ ಕೂಲಿ ಖೋತಾ. ಆದರೆ ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸಣ್ಣ ಆಸ್ಪತ್ರೆಗಳ ವೈದ್ಯರಿಗೆ ತರಬೇತಿ ಕೊಟ್ಟು, ಊರಿನಲ್ಲೇ ಈ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಅದೇ ಮಾದರಿಯಲ್ಲಿ ದೇಶದ ಕಾರ್ಯಕ್ರಮವಾಯಿತು. 2017ರ ಕಾಯಿದೆ ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಬರೆಯಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ 'ಮನೋಚೈತನ್ಯ' ಯೋಜನೆಯನ್ನೂ ರಾಜ್ಯ ಸರ್ಕಾರ ಮಾಡಿತು. ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಜನರಿಗೆ ತಿಳಿಯದ ಯೋಜನೆ ಇದ್ದರೂ ಇಲ್ಲದಂತೆ.

ಆದ್ದರಿಂದ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಟ್ಟಾಗಿ ಕೇಳಬೇಕು: ಗುಬ್ಬಿ, ಕುಣಿಗಲ್ ಆಸ್ಪತ್ರೆಗಳ ಬಾಗಿಲಲ್ಲಿ ವೈದ್ಯರು ಬರುವ ದಿನ, ಹೊತ್ತು ಕನ್ನಡದಲ್ಲಿ ಬರೆದು ಹಾಕಿ. ಬಂದೇ ಬರುವಂತೆ ನೋಡಿಕೊಳ್ಳಿ. ಪ್ರತಿ ಹೈಸ್ಕೂಲು, ಕಾಲೇಜಿನಲ್ಲೂ ಹುಡುಗರ ಮಾತು ಕೇಳಲು ತರಬೇತಾದವರೊಬ್ಬರನ್ನು ನೇಮಿಸಿ.

ಅಲ್ಲಿಯವರೆಗೆ ಕಾಯಬೇಡಿ. 2022ರಲ್ಲಿ ಆರಂಭವಾದ 14416 ಸಂಖ್ಯೆಗೆ ಹಗಲಿರುಳೂ ಪುಕ್ಕಟೆಯಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಅದನ್ನು ಅಂಗಡಿಯ ಗೋಡೆಗೆ ಬರೆಯಿರಿ. ಇಂದು ರಾತ್ರಿ ಊಟಕ್ಕೆ ಕೂತಾಗ ಮಗನ ಅಂಕ ಕೇಳಬೇಡಿ. ಹೇಗಿದ್ದೀಯಪ್ಪ ಎಂದು ಕೇಳಿ.