ಖಾಲಿ ರಸ್ತೆ ಎಂಬ ಸುಳ್ಳು

ಆ ಮನುಷ್ಯ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ಇಳಿದ. ಜರ್ಮನಿಯ ಕಾರು, ಇಪ್ಪತ್ತೈದು ವರ್ಷ ಹಳೆಯದು. ಒಂದು ಕಾಲಕ್ಕೆ ಗಿರಣಿ ಮಾಲೀಕರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರುತ್ತಿದ್ದಂಥ ದೊಡ್ಡ ಸೆಡಾನು. ನಾಲ್ಕು ಕೈ ಬದಲಾಗಿ, ಈಗ ಒಂದು ಹೊಸ ಸಣ್ಣ ಕಾರಿನ ಬೆಲೆಗೆ ಅವನಿಗೆ ಸಿಕ್ಕಿತ್ತು. ಮುಖ ಅರಳಿತ್ತು. 'ಇನ್ನೂರ ಹನ್ನೆರಡು ಮುಟ್ತು ಕಣ್ರೋ! ಈ ವಯಸ್ಸಲ್ಲೂ ಇನ್ನೂರ ಹನ್ನೆರಡು! ರಸ್ತೆ ಪೂರ್ತಿ ಖಾಲಿ ಇತ್ತು' ಅಂದ.

ನಮ್ಮ ಹುಡುಗ ಕೈಲಿದ್ದ ಸ್ಪಾನರು ಕೆಳಗಿಟ್ಟ. 'ಎಲ್ಲಿ ಓಡಿಸಿದ್ರಿ ಸಾರ್?' ಅಂತ ಕೇಳಿದ. ಬೆಂಗಳೂರು-ಮೈಸೂರು ಹೆದ್ದಾರಿ, ಬೆಳಗಿನ ಆರೂವರೆ. ಜಾಗದ ಗುರುತನ್ನೂ ಅವನು ಹೇಳಿದ. ಹುಡುಗ ಒಂದು ಗಳಿಗೆ ಸುಮ್ಮನಿದ್ದು, 'ಅಲ್ಲಿ ನಮ್ಮವ್ವ ಇದ್ಲು ಸಾರ್' ಅಂದ.

ಇದ್ದಳು. ಅವಳೊಬ್ಬಳೇ ಅಲ್ಲ, ಆರು ಜನ ಹೆಂಗಸರಿದ್ದರು. ಗುತ್ತಿಗೆದಾರ ಕೊಟ್ಟ ಕಿತ್ತಳೆ ಬಣ್ಣದ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ರಸ್ತೆ ನಡುವಿನ ಕಣಗಿಲೆ ಗಿಡಗಳ ಬುಡ ಕೆದಕುತ್ತಿದ್ದರು. ಆ ಕಾರು ಹೋದ ಗಾಳಿಗೆ ಒಬ್ಬಳ ಬುಟ್ಟಿ ಹಾರಿತು. ಇನ್ನೊಬ್ಬಳು ಹೆದರಿ ಗಿಡದ ಮೇಲೇ ಕೂತುಬಿಟ್ಟಳು. ಕಿತ್ತಳೆ ಬಣ್ಣದ ಅಂಗಿ ಹಾಕಿಸುವುದೇ ದೂರದಿಂದ ಕಾಣಲಿ ಅಂತ. ಆದರೂ ಆ ಮನುಷ್ಯನ ಕಣ್ಣಿಗೆ ರಸ್ತೆ ಖಾಲಿ.

ಗೆಳೆಯರೆ, ನಾವು ಈ ಒಂದು ಮಾತನ್ನು ಹಿಡಿದು ಜಗಳ ತೆಗೆಯುತ್ತಿದ್ದೇವೆ. ಆ ಕಾರಿನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅದರ ಎಂಜಿನ್ನು ಬಿಚ್ಚಿ ಜೋಡಿಸಿದ ಕೈಗಳು ನಮ್ಮವು. ಅದು ಎಷ್ಟು ಒಳ್ಳೆಯ ಯಂತ್ರ ಅನ್ನುವುದು ಅದನ್ನು ಕೊಂಡವನಿಗಿಂತ ನಮಗೆ ಚೆನ್ನಾಗಿ ಗೊತ್ತು. ನಮ್ಮ ಜಗಳ 'ಖಾಲಿ' ಅನ್ನುವ ಮಾತಿನ ಜತೆ.

ಮೊದಲು ಯಂತ್ರದ ಲೆಕ್ಕ ನೋಡೋಣ. ಗಂಟೆಗೆ ಇನ್ನೂರು ಕಿಲೋಮೀಟರ್ ಅಂದರೆ ಸೆಕೆಂಡಿಗೆ 55 ಮೀಟರು. ಎದುರಿಗೆ ಏನೋ ಕಂಡು, ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ 55 ಮೀಟರು ಮುಗಿದಿರುತ್ತದೆ. ಆಮೇಲೆ ಒಳ್ಳೆಯ ಟೈರು, ಒಳ್ಳೆಯ ಬ್ರೇಕು, ಒಣ ರಸ್ತೆ ಇದ್ದರೂ ಕಾರು ನಿಲ್ಲಲು ಇನ್ನೂ 190 ಮೀಟರು ಬೇಕು. ಒಟ್ಟು ಕಾಲು ಕಿಲೋಮೀಟರು! ನೂರರ ವೇಗದಲ್ಲಿ ಇದೇ ಕೆಲಸ ಸುಮಾರು 75 ಮೀಟರಿನಲ್ಲಿ ಮುಗಿಯುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಇದು ಬಡವ ಬಲ್ಲಿದ ಅಂತ ನೋಡದ ಲೆಕ್ಕ. ಯಾವ ಶಿಫಾರಸೂ ಇದರ ಮುಂದೆ ನಡೆಯದು.

ಇನ್ನು ಹಳೆಯ ಕಾರಿನ ಲೆಕ್ಕ ಬೇರೆಯೇ ಇದೆ. ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2314 ಅಂತಿದ್ದರೆ 2014ನೇ ಇಸವಿಯ 23ನೇ ವಾರದಲ್ಲಿ ಮಾಡಿದ ಟೈರು. ಆ ಕಾರಿನ ಹಿಂದಿನ ಎರಡು ಟೈರು ಅಂಥವು. ಮೇಲೆ ಗೀರು ಸವೆದಿರಲಿಲ್ಲ, ನಿಜ. ಆದರೆ ರಬ್ಬರು ಓಡದೆ ನಿಂತರೂ ಮುದಿಯಾಗುತ್ತದೆ, ಒಳಗಿಂದೊಳಗೆ ಬಿರಿಯುತ್ತದೆ. ಟೈರಿನ ಮೇಲೆ 'ಎಚ್' ಅಕ್ಷರವಿದ್ದರೆ 210ರ ತನಕ, 'ವಿ' ಇದ್ದರೆ 240ರ ತನಕ ತಾಳುತ್ತದೆ ಅಂತ ಅರ್ಥ. ಅದೂ ಟೈರು ಹೊಸದಾಗಿದ್ದು, ಗಾಳಿ ಸರಿಯಾಗಿದ್ದಾಗ. ಬ್ರೇಕಿನ ಎಣ್ಣೆ ವರ್ಷ ಕಳೆದಂತೆ ಗಾಳಿಯ ತೇವ ಕುಡಿಯುತ್ತದೆ. ಜೋರಾಗಿ ಬ್ರೇಕು ಒತ್ತಿದಾಗ ಆ ನೀರು ಕುದಿದು ಆವಿಯಾಗಿ ಪೆಡಲು ಸಡಿಲಾಗುತ್ತದೆ. ನಮ್ಮ ಹುಡುಗ ಹಿಂದಿನ ತಿಂಗಳೇ 'ಟೈರು ಬದಲಾಯಿಸಿ ಸಾರ್' ಅಂದಿದ್ದ. 'ಮುಂದೆ ನೋಡೋಣ' ಅಂದಿದ್ದ ಆಸಾಮಿ.

ಹೋಗಲಿ, ಆ ಇನ್ನೂರ ಹನ್ನೆರಡಾದರೂ ನಿಜವೇ? ಅದೂ ಸುಳ್ಳು. ಸ್ಪೀಡೋಮೀಟರು ಇರುವ ವೇಗಕ್ಕಿಂತ ಕಡಿಮೆ ತೋರಿಸಬಾರದು, ಸ್ವಲ್ಪ ಹೆಚ್ಚು ತೋರಿಸಬಹುದು ಅಂತಲೇ ನಿಯಮ. ಮುಳ್ಳು 212 ಮುಟ್ಟಿದಾಗ ಕಾರು ಇನ್ನೂರನ್ನೂ ದಾಟಿರದೆ ಇರಬಹುದು. ನಿಜವಾದ ಪರೀಕ್ಷೆ ಮಾಡುವವರು ಒಂದೇ ಹಾದಿಯಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯುತ್ತಾರೆ, ಗಾಳಿಯ ನೂಕು, ಇಳಿಜಾರಿನ ಲಾಭ ಎರಡೂ ಕಳೆಯಲಿ ಅಂತ. ಒಂದು ಸಲ ಒಂದೇ ದಿಕ್ಕಿಗೆ ಓಡಿಸಿ, ಮುಳ್ಳಿನ ಫೋಟೋ ಹಿಡಿದು ತಂದವನು ಯಾವ ಪರೀಕ್ಷೆಯನ್ನೂ ಮಾಡಿಲ್ಲ. ಆರು ಜನ ಹೆಂಗಸರ ಜೀವ ಪಣಕ್ಕಿಟ್ಟು ಒಂದು ಸುಳ್ಳು ಅಂಕಿ ತಂದಿದ್ದಾನೆ, ಅಷ್ಟೆ.

ಈ ಕಾಯಿಲೆ ನಮ್ಮಲ್ಲೇ ಹುಟ್ಟಿದ್ದಲ್ಲ. 1976ರಲ್ಲಿ ಫ್ರಾನ್ಸಿನ ಚಿತ್ರ ನಿರ್ದೇಶಕ ಕ್ಲೋಡ್ ಲೆಲೂಶ್ ಪ್ಯಾರಿಸ್ಸಿನ ಬೀದಿಗಳಲ್ಲಿ ಬೆಳಗಿನ ಜಾವ ಕಾರು ನುಗ್ಗಿಸಿ ಒಂದು ಕಿರುಚಿತ್ರ ತೆಗೆದ. ಬಳಸಿದ್ದು ತನ್ನದೇ ಮರ್ಸಿಡಿಸ್ 450 ಎಸ್‌ಇಎಲ್ 6.9. 1975ರಲ್ಲಿ ಮಾರುಕಟ್ಟೆಗೆ ಬಂದ, 286 ಕುದುರೆ ಶಕ್ತಿಯ, 225ರ ತನಕ ಓಡಬಲ್ಲ ಐಷಾರಾಮಿ ಸೆಡಾನು. ಆ ಕಾರಿನ ಸದ್ದು ಮೆದುವಾಯಿತು ಅಂತ ಆಮೇಲೆ ಫೆರಾರಿ ಕಾರಿನ ಆರ್ಭಟ ತಂದು ಅಂಟಿಸಿದ. ಕೆಂಪು ದೀಪಗಳನ್ನು ದಾಟಿ, ಎದುರು ದಿಕ್ಕಿನ ಬೀದಿಗೆ ನುಗ್ಗಿ ಕಾರು ಓಡುತ್ತದೆ. ಪಾರಿವಾಳ ಹಾರುತ್ತವೆ, ನಡೆಯುವವರು ಪಕ್ಕಕ್ಕೆ ಉಳಿಯುತ್ತಾರೆ. ಒಂದು ಕಡೆ ಕಸದ ಲಾರಿ ಅಡ್ಡ ಬರುತ್ತದೆ. ಕಾರು ಕಾಲುದಾರಿ ಹತ್ತಿ ಅದನ್ನು ತಪ್ಪಿಸಿಕೊಂಡು ಹೋಗುತ್ತದೆ. ಇದನ್ನು ಲೋಕ ಇವತ್ತಿಗೂ ಮೆಚ್ಚಿ ನೋಡುತ್ತದೆ. ನಾವು ಅದರಲ್ಲಿ ನೋಡಿದ್ದು ಆ ಕಸದ ಲಾರಿಯನ್ನು. ಬೆಳಗಿನ ಜಾವ ಊರು ಖಾಲಿ ಅಂತ ಯಾರು ಹೇಳಿದರು? ಆ ಹೊತ್ತಿಗೆ ಊರು ತುಂಬಾ ಕಸ ಎತ್ತುವವರು, ಹಾಲು ಹಾಕುವವರು, ಹೂವಿನ ಗಂಟು ಹೊತ್ತವರು ಇರುತ್ತಾರೆ. ಮಲಗಿರುವುದು ಉಳ್ಳವರು ಮಾತ್ರ. ಉಳ್ಳವರು ಮಲಗಿದ್ದರೆ ಊರು ಖಾಲಿ ಅನ್ನುವುದು ಯಾವ ನ್ಯಾಯ?

'ಜರ್ಮನಿಯಲ್ಲಿ ಎಷ್ಟು ಬೇಕಾದ್ರೂ ಓಡಿಸ್ಬೋದಲ್ಲ' ಅಂತಾರೆ. ಸರಿ, ಜರ್ಮನಿಗೂ ಹೋಗೋಣ. 1933ರಲ್ಲಿ ಫ್ರಾಂಕ್‌ಫರ್ಟಿನ ಹತ್ತಿರ ಹಿಟ್ಲರ್ ಸನಿಕೆ ಹಿಡಿದು ಮಣ್ಣು ಎತ್ತಿಹಾಕಿ, ಆ ಹೆದ್ದಾರಿಯ ಗುದ್ದಲಿಪೂಜೆ ಮಾಡಿದ. ಯುದ್ಧದ ವರ್ಷಗಳಲ್ಲಿ ಯಹೂದಿಗಳನ್ನೂ ಯುದ್ಧ ಕೈದಿಗಳನ್ನೂ ಶಿಬಿರಗಳಲ್ಲಿ ಕೂಡಿಹಾಕಿ ಅಂಥ ರಸ್ತೆಗಳಿಗೆ ಮಣ್ಣು ಹೊರಿಸಿದರು. 1944ರಲ್ಲಿ ಡೈಮ್ಲರ್-ಬೆಂಝ್ ಕಾರ್ಖಾನೆಗಳಲ್ಲಿದ್ದ 63,610 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಲವಂತದ ದುಡಿಮೆಗೆ ತಂದವರು, ಯುದ್ಧ ಕೈದಿಗಳು, ಯಾತನಾ ಶಿಬಿರದವರು. ಕಂಪನಿಯೇ ಇದನ್ನು ಒಪ್ಪಿಕೊಂಡಿದೆ. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್-ಡಾರ್ಮ್‌ಸ್ಟಾಟ್ ಹೆದ್ದಾರಿಯಲ್ಲಿ ರುಡಾಲ್ಫ್ ಕರಾಚಿಯೋಲ ಗಂಟೆಗೆ 432.7 ಕಿಲೋಮೀಟರ್ ವೇಗದಲ್ಲಿ ಓಡಿಸಿ ದಾಖಲೆ ಬರೆದ. ಅದನ್ನು ಮುರಿಯಲು ಹೋದ ಬರ್ನ್ಡ್ ರೋಸ್‌ಮೈಯರ್ ಅದೇ ದಿನ ಅದೇ ರಸ್ತೆಯಲ್ಲಿ ಸತ್ತ. ಆ ದೇಶದಲ್ಲಿ ಆಗ ಅತಿ ಹೆಸರು ಮಾಡಿದ ಓಟಗಾರ ಅವನು. ಅಂಥವನನ್ನೇ ಬಿಡದ ರಸ್ತೆ, ಸ್ವಾಮಿ, ಅದು!

ಯುದ್ಧ ಮುಗಿದ ಮೇಲೆ ಕಾರ್ಖಾನೆಗಳಿಗೆ ಹೊರದೇಶದ ಬಡವರನ್ನು ಕರೆಸಿದರು. 1964ರಲ್ಲಿ ಹತ್ತು ಲಕ್ಷದ ಕೂಲಿಯವನು ಬಂದಿಳಿದ ಅಂತ ಕೊಲೋನಿನ ರೈಲು ನಿಲ್ದಾಣದಲ್ಲಿ ಸಮಾರಂಭ ಮಾಡಿದರು. ಪೋರ್ಚುಗಲ್ಲಿನ ಅರ್ಮಾಂಡೊ ರೊಡ್ರಿಗಸ್ ಡಿ ಸಾ ಎಂಬ ಆ ಬಡಗಿಗೆ ಬಹುಮಾನ ಕೊಟ್ಟದ್ದು ಒಂದು ಮೊಪೆಡ್. ಇವತ್ತಿಗೂ ಆ ದೇಶದ ಆಟೋಬಾನಿನ ಮೇಲೆ ಮೊಪೆಡ್ಡಿಗೆ ಪ್ರವೇಶವಿಲ್ಲ. ಲೆಕ್ಕ ಗೊತ್ತಾಯಿತೆ? ಎಣ್ಣೆಯ ಅಭಾವ ಬಂದಾಗ, 1973ರ ನವೆಂಬರಿನಿಂದ ನಾಲ್ಕು ತಿಂಗಳು ಅಲ್ಲೂ ನೂರರ ಮಿತಿ ಹಾಕಿದ್ದರು. ಕಾರಿನವರು 'ಸ್ವಾತಂತ್ರ್ಯ ಹೋಯಿತು' ಅಂತ ಕೂಗೆಬ್ಬಿಸಿದರು, ಮಿತಿ ಹೋಯಿತು. 1978ರಿಂದ 130ರೊಳಗೆ ಓಡಿಸಿ ಎಂಬ ಬುದ್ಧಿಮಾತು ಮಾತ್ರ ಉಳಿದಿದೆ. ಅಲ್ಲಿಯೂ ಎಲ್ಲ ಕಡೆ ಮಿತಿಯಿಲ್ಲ ಅಂತಲ್ಲ, ಹಲವು ಭಾಗಗಳಲ್ಲಿ ಮಿತಿ ಇದೆ. ಅಲ್ಲಿ ಹೆದ್ದಾರಿಯ ನಡುವೆ ಯಾರೂ ಎಮ್ಮೆ ದಾಟಿಸುವುದಿಲ್ಲ, ಶಾಲೆಯ ಮಕ್ಕಳು ಬೇಲಿ ನುಸಿಯುವುದಿಲ್ಲ.

ಈಗ ನಮ್ಮ ರಸ್ತೆಗೆ ಬನ್ನಿ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಆ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನಗಾಡಿ ಮುಖ್ಯ ರಸ್ತೆ ಹತ್ತಬಾರದು ಅಂದರು. ನಿಧಾನದ ಗಾಡಿಯನ್ನು ವೇಗದ ಗಾಡಿಯಿಂದ ಬೇರೆ ಮಾಡಿದರೆ ಜೀವ ಉಳಿಯುತ್ತದೆ ಅನ್ನುವುದನ್ನು ನಾವು ಒಪ್ಪುತ್ತೇವೆ. ಆದರೆ ಒಂದು ಮಾತು ಕೇಳಬೇಕು. ನಮ್ಮ ಜೀವ ಉಳಿಸುವುದಕ್ಕೆ ನಮ್ಮನ್ನು ಕೆಳಗಿಳಿಸಿದಿರಲ್ಲ, ಜೀವ ತೆಗೆಯುವವನನ್ನು ಇಳಿಸಿದ್ದೀರಾ? ಅವನಿಗೆ 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅತಿವೇಗಕ್ಕೆ ಸಾವಿರದಿಂದ ಎರಡು ಸಾವಿರ ದಂಡ. ಆ ಕಾರಿಗೆ ಒಂದು ಸಲ ಎಣ್ಣೆ ತುಂಬಿಸಿದರೆ ಅದಕ್ಕಿಂತ ಹೆಚ್ಚಾಗುತ್ತದೆ! ಗುದ್ದಿ ಓಡಿಹೋದವನು ಸಿಗದಿದ್ದರೆ ಸತ್ತವನ ಮನೆಗೆ ಸರ್ಕಾರ ಕೊಡುವುದು ಎರಡು ಲಕ್ಷ. 2022ರ ಏಪ್ರಿಲ್‌ವರೆಗೆ ಅದು ಬರೀ ಇಪ್ಪತ್ತೈದು ಸಾವಿರ ಇತ್ತು. ಹಳೆಯ ಸೆಡಾನಿಗೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಬೆಲೆ ಉಂಟು.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಹತ್ತಿರ ಹತ್ತಿರ ಐವರಲ್ಲಿ ಒಬ್ಬ ನಡೆದು ಹೋಗುತ್ತಿದ್ದವನು. ನೂರಕ್ಕೆ 44 ಜನ ಎರಡು ಚಕ್ರದ ಮೇಲಿದ್ದವರು. ಇದು ಸರ್ಕಾರದ್ದೇ ಲೆಕ್ಕ. ಸಾವು ಯಾರ ಕೇರಿಗೆ ಬರುತ್ತದೆ ಅನ್ನುವುದಕ್ಕೆ ಇನ್ನು ಸಾಕ್ಷಿ ಬೇಕೆ?

ವೇಗಕ್ಕೂ ಜಾತಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಕೇಳಿ. 1901ರಲ್ಲಿ ಹುಡುಗ ಭೀಮರಾವ್ ಅಣ್ಣನ ಜತೆ ಅಪ್ಪನನ್ನು ನೋಡಲು ಮಸೂರಿನ ರೈಲು ನಿಲ್ದಾಣದಲ್ಲಿಳಿದಾಗ ಯಾವ ಗಾಡಿಯವನೂ ಕೂರಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯಿತು, ಗಾಡಿಯವನು ಪಕ್ಕದಲ್ಲಿ ನಡೆದ. 1929ರಲ್ಲಿ, ಅದೇ ಹುಡುಗ ಬ್ಯಾರಿಸ್ಟರ್ ಅಂಬೇಡ್ಕರ್ ಆಗಿ ಚಾಳೀಸ್‌ಗಾಂವಿಗೆ ಹೋದಾಗಲೂ ಟಾಂಗಾದವರು ಒಲ್ಲೆ ಅಂದರು. ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಟಾಂಗಾ ಮಗುಚಿ ಬಾಬಾಸಾಹೇಬರ ಕಾಲು ಮುರಿಯಿತು. ನಮ್ಮ ಊರುಗಳಲ್ಲಿ ಗೌಡರ ಬೀದಿ ಬಂದಾಗ ಸೈಕಲ್ ಇಳಿದು ತಳ್ಳಿಕೊಂಡು ಹೋದವರು ನಮ್ಮ ಅಪ್ಪಂದಿರು. ಮದುವೆಯ ದಿನ ಕುದುರೆ ಹತ್ತಿದ ನಮ್ಮ ಮದುಮಗನಿಗೆ ಕಲ್ಲು ಹೊಡೆಯುವವರು ಈ ದೇಶದಲ್ಲಿ ಇನ್ನೂ ಇದ್ದಾರೆ. ಯಾರು ಯಾವ ದಾರಿಯಲ್ಲಿ ಎಷ್ಟು ವೇಗವಾಗಿ ಹೋಗಬೇಕು ಅಂತ ಗೆರೆ ಎಳೆದದ್ದೇ ಜಾತಿ. ಎದುರಿಗಿದ್ದವನನ್ನು ಇಲ್ಲ ಅಂತ ಕಾಣುವುದನ್ನು ಕಣ್ಣಿಗೆ ಕಲಿಸಿದ್ದೂ ಅದೇ.

ಬಡವರು ನಿಧಾನವಾಗಿಯೇ ಹೋಗಬೇಕು ಅಂತ ನಾವು ಹೇಳುತ್ತಿಲ್ಲ. ನಮಗೂ ವೇಗ ಬೇಕು. ಹೆರಿಗೆ ನೋವು ಬಂದವಳಿಗೆ ಆಂಬುಲೆನ್ಸು ವೇಗವಾಗಿ ಬರಲಿ. ಬೆಳಿಗ್ಗೆಯ ಬಸ್ಸು ಹೊತ್ತಿಗೆ ಸರಿಯಾಗಿ ಬರಲಿ. ಕೂಲಿಯ ದುಡ್ಡು ವೇಗವಾಗಿ ಕೈ ಸೇರಲಿ. ಅದು ಬಿಟ್ಟು ಮುಳ್ಳು ನೋಡುವ ಚಟಕ್ಕೆ ನಮ್ಮವ್ವಂದಿರ ಜೀವ ಕೇಳಿದರೆ ಕೊಡುವುದಿಲ್ಲ.

ನಮ್ಮವರಿಗೂ ಒಂದು ಮಾತು. ಆ ಕಾರು ಹೋಗುವಾಗ ಸೇತುವೆ ಮೇಲೆ ನಿಂತು ಮೊಬೈಲಿನಲ್ಲಿ ಹಿಡಿದು ಶಿಳ್ಳೆ ಹೊಡೆದವರಲ್ಲಿ ನಮ್ಮ ಕೇರಿಯ ಹುಡುಗರೂ ಇದ್ದರು. ಉಳ್ಳವರ ಸೊಕ್ಕಿಗೆ ಶಿಳ್ಳೆ ಹೊಡೆಯುವುದು ಗುಲಾಮಗಿರಿಯ ಹೊಸ ವೇಷ. ಗ್ಯಾರೇಜಿನಲ್ಲಿ ಕೆಲಸ ಮಾಡುವ ನಾವೂ ತಪ್ಪಿತಸ್ಥರೇ. ಹಳೆಯ ಟೈರು ಕಂಡೂ 'ಗಿರಾಕಿ ಹೋದಾನು' ಅಂತ ಎಷ್ಟೋ ಸಲ ಬಾಯಿ ಮುಚ್ಚಿದ್ದೇವೆ.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಕಾದರೆ ಮಾಡಲಿ. ಜನರ ದುಡ್ಡಿನಲ್ಲಿ ಇಂದೋರಿನ ಹತ್ತಿರ ಪೀತಂಪುರದಲ್ಲಿ 11.3 ಕಿಲೋಮೀಟರಿನ ಅತಿವೇಗದ ಪರೀಕ್ಷಾ ಪಥ ಕಟ್ಟಿ 2021ರಲ್ಲಿ ತೆರೆದಿದ್ದಾರೆ. ವೇಗ ನೋಡಬೇಕಾದದ್ದು ಅಂಥ ಕಡೆ. ಅಲ್ಲಿ ಯಾರೂ ಕಣಗಿಲೆಗೆ ಪಾತಿ ಮಾಡುತ್ತಿರುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಮಾತ್ರ ಬೇಡ. 2024ರ ಆಗಸ್ಟಿನಿಂದ 130 ಮೀರಿದವನ ಮೇಲೆ ಎಫ್‌ಐಆರ್ ಹಾಕುತ್ತೇವೆ ಅಂತ ರಾಜ್ಯದ ಪೊಲೀಸರು ಹೇಳಿದ್ದಾರೆ. ಕಾರಿನ ಬೆಲೆ ನೋಡದೆ ಅದನ್ನು ಹಾಕಬೇಕು. ದಂಡ ಆದಾಯಕ್ಕೆ ತಕ್ಕಂತಿರಬೇಕು. ಹೆದ್ದಾರಿಯ ನಡುವೆ ಕೆಲಸ ಮಾಡುವವರಿಗೆ ಒಂದು ಸಾಲು ರಸ್ತೆ ಮುಚ್ಚಿ, ಮುಂದೆ ಕಾವಲಿನ ಗಾಡಿ ನಿಲ್ಲಿಸಬೇಕು. ಬರೀ ಕಿತ್ತಳೆ ಅಂಗಿ ಯಾರನ್ನೂ ಕಾಯುವುದಿಲ್ಲ.

ಅವತ್ತು ನಮ್ಮ ಹುಡುಗ ಆ ಕಾರಿನ ಬಾನೆಟ್ಟು ಎತ್ತಲಿಲ್ಲ. 'ಟೈರು ಹಾಕಿಸ್ಕೊಂಡು ಬನ್ನಿ ಸಾರ್, ಆಮೇಲೆ ಮುಟ್ತೀನಿ' ಅಂದ. ಆ ಮನುಷ್ಯ ಗೊಣಗಿಕೊಂಡು ಹೋದ. ಒಂದು ಗಿರಾಕಿ ಹೋಯಿತು. ಮಾರನೆಯ ದಿನ ಆರೂವರೆಗೆ ಅವನ ಅವ್ವ ಅದೇ ರಸ್ತೆಯ ನಡುವೆ ಅದೇ ಗಿಡಗಳ ಬುಡದಲ್ಲಿ ಕೂತಿದ್ದಳು. ಇನ್ನು ಮೇಲೆ ಯಾರಾದರೂ ನಿಮ್ಮ ಮುಂದೆ 'ರಸ್ತೆ ಖಾಲಿ ಇತ್ತು' ಅಂದರೆ ಸುಮ್ಮನಿರಬೇಡಿ. ಅಲ್ಲಿ ಯಾರಿದ್ದರು ಅಂತ ಹೇಳಿ.