ಶಾಲೆ ಮತ್ತು ಶಿಸ್ತು

ಕನ್ನಡ ನಾಡಿನ ಚರಿತ್ರೆಯಲ್ಲಿ ‘ಶಿಸ್ತು’ ಎಂಬ ಮಾತಿನೊಡನೆ ಒಬ್ಬ ಅರಸನ ಹೆಸರು ಬೆಸೆದುಕೊಂಡಿದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯನ್ನು ಆಳಿದ ಶಿವಪ್ಪ ನಾಯಕನು ಭೂಮಿಯ ಗುಣವನ್ನೂ ಬೆಳೆಯ ಪ್ರಮಾಣವನ್ನೂ ತಿಳಿದು, ಆ ಬಳಿಕ ಕಂದಾಯವನ್ನು ನಿಗದಿಗೊಳಿಸಿದನು. ಆ ವ್ಯವಸ್ಥೆಗೆ ‘ಶಿಸ್ತು’ ಎಂಬ ಹೆಸರೇ ನಿಂತಿತು. ಮೊದಲು ಅರಿಯುವುದು, ಆಮೇಲೆ ವಿಧಿಸುವುದು ಆ ಶಿಸ್ತಿನ ಕ್ರಮ. ಶಾಲೆಯ ಶಿಸ್ತಿಗೂ ಇದೇ ಕ್ರಮ ಸಲ್ಲತಕ್ಕದ್ದು. ಆದರೆ ಶಾಲೆಗಳಲ್ಲಿ ಬಹುಕಾಲ ಇದು ತಲೆಕೆಳಗಾಗಿ ನಡೆಯಿತು. ಶಿಕ್ಷೆ ಮೊದಲು ಬಂದಿತು. ವಿಚಾರಣೆ ತಡವಾಗಿ ಬಂದಿತು. ಎಷ್ಟೋ ವೇಳೆ ಬರಲೇ ಇಲ್ಲ.

ಹಿಂದಿನ ಕೂಲಿಮಠಗಳಲ್ಲಿ ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಐಗಳ ಕೈಯಲ್ಲಿ ಬೆತ್ತವಿರುತ್ತಿತ್ತು. ತಪ್ಪು ಮಾಡಿದವನನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆಯೂ ಇತ್ತು. ಕಾಲಾಂತರದಲ್ಲಿ ಕೋದಂಡ ಮರೆಯಾಯಿತು. ಬೆತ್ತದ ಏಟು, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು ಇವು ಉಳಿದುಕೊಂಡವು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಇವುಗಳ ಸಮರ್ಥನೆಗೆ ಹೇಳುವವರು ಇಂದಿಗೂ ಇದ್ದಾರೆ. ಗಾದೆ ಬಗ್ಗಿಸುವ ಮಾತನ್ನು ಹೇಳುತ್ತದೆಯೇ ಹೊರತು ಮುರಿಯುವ ಮಾತನ್ನಲ್ಲ. ಎಳೆಯ ಗಿಡವನ್ನು ಬಗ್ಗಿಸಲು ಮೃದುವಾದ ಕೈ ಬೇಕು.

ಭಾರತದ ಸಂಸತ್ತು 2009ರಲ್ಲಿ ಅಂಗೀಕರಿಸಿದ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಕೂಡದೆಂದು ಅದರ 17ನೆಯ ಪ್ರಕರಣ ವಿಧಿಸುತ್ತದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಕೂಡದೆಂಬುದೂ ಅದರ ನಿಯಮವೇ. ಈ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಆದರೆ ಎಂಟನೆಯ ತರಗತಿಯಿಂದ ಒಂಬತ್ತಕ್ಕೆ ಕಾಲಿಟ್ಟ ದಿನವೇ ವಿದ್ಯಾರ್ಥಿಯ ಮಾನದ ಬೆಲೆ ಕಡಿಮೆಯಾಗುವುದಿಲ್ಲ. ಕಾಯಿದೆಯ ಆಶಯ ಪ್ರೌಢಶಾಲೆಗೂ ಸಲ್ಲಬೇಕು.

ಇಲ್ಲಿ ಉಪಾಧ್ಯಾಯರ ಸಂಕಟವನ್ನೂ ಮರೆಯಲಾಗದು. ತರಗತಿ ತುಂಬ ಮಕ್ಕಳು, ಪಾಠದ ಜೊತೆಗೆ ಜನಗಣತಿ, ಚುನಾವಣೆ ಮೊದಲಾದ ಕಾರ್ಯಗಳು. ‘ಬೆತ್ತವನ್ನು ಕೆಳಗಿಡಿ’ ಎಂದವರು ಅದರ ಜಾಗದಲ್ಲಿ ಏನನ್ನು ಹಿಡಿಯಬೇಕೆಂದು ಕಲಿಸಿದರೇ ಎಂಬ ಅವರ ಪ್ರಶ್ನೆ ನ್ಯಾಯವಾದುದು. ಬೆತ್ತವಿಲ್ಲದ ಶಾಲೆ ತಾನಾಗಿಯೇ ಒಳ್ಳೆಯ ಶಾಲೆಯಾಗುವುದಿಲ್ಲ. ತೆರವಾದ ಆ ಸ್ಥಾನವನ್ನು ತುಂಬುವ ಕೆಲಸ ಇನ್ನೂ ಉಳಿದಿದೆ.

ಗುಜರಾತಿನ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಇದಕ್ಕೊಂದು ದಾರಿಯನ್ನು ತೋರಿಸಿದ್ದಾರೆ. 1930ರ ದಶಕದ ಆರಂಭದಲ್ಲಿ ಪ್ರಕಟವಾದ ಅವರ ‘ದಿವಾಸ್ವಪ್ನ’ದಲ್ಲಿ ಒಬ್ಬ ಕಲ್ಪಿತ ಉಪಾಧ್ಯಾಯ ನಾಲ್ಕನೆಯ ತರಗತಿಯನ್ನು ವಹಿಸಿಕೊಳ್ಳುತ್ತಾನೆ. ಮೌನದ ಆಟದಿಂದ ಮಕ್ಕಳನ್ನು ಶಾಂತಗೊಳಿಸುವ ಅವನ ಮೊದಲ ದಿನದ ಯತ್ನ ಗದ್ದಲದಲ್ಲಿ ಮುಗಿಯುತ್ತದೆ. ಆತ ಬೆತ್ತವನ್ನು ಹುಡುಕುವುದಿಲ್ಲ, ಕಥೆಯನ್ನು ಹೇಳತೊಡಗುತ್ತಾನೆ. ಅದೇ ಮಕ್ಕಳು ಕಿವಿಗೊಟ್ಟು ಕುಳಿತುಕೊಳ್ಳುತ್ತಾರೆ. ಮನಸ್ಸಿಗೆ ಕೆಲಸವಿಲ್ಲದೆಡೆ ಗದ್ದಲ ಹುಟ್ಟುವುದು ಸಹಜವೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ಹಳ್ಳಿಯ ಶಾಲೆಗೆ ದಿನವೂ ತಡವಾಗಿ ಬರುವ ಹುಡುಗಿಯೊಬ್ಬಳನ್ನು ಊಹಿಸಬಹುದು. ಅವಳನ್ನು ಬಿಸಿಲಿನಲ್ಲಿ ನಿಲ್ಲಿಸುವುದು ಸುಲಭ. ಕಾರಣವನ್ನು ಕೇಳಿದರೆ ಬೇರೆಯ ಚಿತ್ರವೇ ಕಾಣುತ್ತದೆ. ತಾಯಿ ನಸುಕಿಗೇ ಕೂಲಿಗೆ ಹೋಗಿದ್ದಾಳೆ. ಹಾಲನ್ನು ಡೈರಿಗೆ ಹಾಕಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿದೆ. ಇಂಥವಳನ್ನು ಶಿಕ್ಷಿಸಿದರೆ ಬೇಗ ಬರಲಾರಳು. ನಾಲ್ಕು ದಿನ ಕಳೆದರೆ ಬರುವುದನ್ನೇ ಬಿಟ್ಟಾಳು. ಹಣವುಳ್ಳವರಿಗೆ ಒಂದು ಶಾಲೆ ಒಗ್ಗದಿದ್ದರೆ ಇನ್ನೊಂದು ಶಾಲೆ ಉಂಟು. ಬಡವರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲೇ ಕೊನೆಯ ಬಾಗಿಲು. ಅವಮಾನದಿಂದ ಆ ಹೊಸಿಲನ್ನು ದಾಟಿ ಹೋದ ಮಗು ಮರಳಿ ಬರುವುದು ಕಷ್ಟ. ಆದುದರಿಂದಲೇ ಸರ್ಕಾರಿ ಶಾಲೆಯ ಹೊಣೆ ಉಳಿದೆಲ್ಲ ಶಾಲೆಗಳಿಗಿಂತ ದೊಡ್ಡದು.

ಹಾಗೆಂದ ಮಾತ್ರಕ್ಕೆ ತಪ್ಪನ್ನು ಕಂಡೂ ಕಾಣದಂತಿರಬೇಕೆಂದು ಅರ್ಥವಲ್ಲ. ಚಿಕ್ಕವರನ್ನು ಬೆದರಿಸುವ, ಜಾತಿಯ ಹೆಸರೆತ್ತಿ ಹಂಗಿಸುವ ಬಾಲಕನನ್ನು ಸುಮ್ಮನೆ ಬಿಟ್ಟರೆ, ಅವನಿಂದ ನೊಂದವರಿಗೆ ಅನ್ಯಾಯವಾಗುತ್ತದೆ. ಆದರೆ ತಪ್ಪಿಗೂ ಅದರ ಪರಿಣಾಮಕ್ಕೂ ಸಂಬಂಧವಿರಬೇಕು. ಗೋಡೆಯನ್ನು ಗೀಚಿದವನು ಸುಣ್ಣ ಬಳಿಯಲಿ. ಗೆಳೆಯನ ಪುಸ್ತಕವನ್ನು ಹರಿದವನು ಅದನ್ನು ಅಂಟಿಸಿಕೊಡಲಿ. ನೋಯಿಸಿದವನು ನೊಂದವನ ಮಾತನ್ನು ಕೇಳಿ ಕ್ಷಮೆ ಬೇಡಲಿ. ಏಟು ತಿಂದವನು ‘ಲೆಕ್ಕ ತೀರಿತು’ ಎಂದುಕೊಳ್ಳುತ್ತಾನೆ. ಕೆಡಿಸಿದುದನ್ನು ತನ್ನ ಕೈಯಾರೆ ಸರಿಪಡಿಸಿದವನಿಗೆ ತನ್ನ ತಪ್ಪಿನ ತೂಕ ತಿಳಿಯುತ್ತದೆ.

ಮಕ್ಕಳಿಗೆ ಹೊಣೆ ಕೊಟ್ಟರೆ ಅವರು ಅದನ್ನು ಹೊರಬಲ್ಲರೆಂಬುದಕ್ಕೆ ಸಾಕ್ಷಿ ದೂರವಿಲ್ಲ. ಬಿಸಿಯೂಟದ ಹೊತ್ತಿನಲ್ಲಿ ಕೈತೊಳೆದು, ಸಾಲಾಗಿ ಕುಳಿತು, ಎಲ್ಲರಿಗೂ ಬಡಿಸುವವರೆಗೆ ಕಾಯುವ ಮಕ್ಕಳನ್ನು ಅನೇಕ ಶಾಲೆಗಳಲ್ಲಿ ಕಾಣಬಹುದು. ಶಾಲಾ ಸಂಸತ್ತಿನಲ್ಲಿ ಮಂತ್ರಿಗಳಾದ ವಿದ್ಯಾರ್ಥಿಗಳು ಊಟ, ಸ್ವಚ್ಛತೆ, ಗ್ರಂಥಾಲಯಗಳ ಉಸ್ತುವಾರಿ ವಹಿಸುತ್ತಾರೆ. ತಾವೇ ಕೂಡಿ ಒಪ್ಪಿದ ನಿಯಮವನ್ನು ಮುರಿಯಲು ಯಾರಿಗಾದರೂ ಸಂಕೋಚವಾಗುತ್ತದೆ.

ಉಪಾಧ್ಯಾಯರ ಸಹನೆಗೆ ವಿದ್ಯಾರ್ಥಿಗಳ ಕಡೆಯಿಂದಲೂ ಉತ್ತರ ಬರಬೇಕು. ಬೆತ್ತವಿಲ್ಲವೆಂದು ಸ್ವೇಚ್ಛೆಯಿಂದ ನಡೆಯುವವರು ಬೆತ್ತವೇ ಬೇಕೆನ್ನುವವರ ವಾದಕ್ಕೆ ಬಲ ಕೊಡುತ್ತಾರೆ. ಉಪಾಧ್ಯಾಯರು ಕಣ್ಣೆದುರಿಗಿರುವಾಗ ತೋರುವ ವಿನಯ ಶಿಸ್ತಲ್ಲ, ಅದು ಭಯ. ಅವರು ತರಗತಿಯಿಂದ ಹೊರಗೆ ಹೋದ ಮೇಲೂ ಓದು ಮುಂದುವರಿದರೆ, ಜಗಳವೊಂದು ಮಾತಿನಲ್ಲೇ ಬಗೆಹರಿದರೆ, ಆಗ ಆ ಶಾಲೆಯಲ್ಲಿ ಶಿಸ್ತು ನೆಲೆಸಿದೆಯೆಂದು ತಿಳಿಯಬಹುದು.