ಹಾದುಹೋಗುವ ಊರುಗಳು

ಹನೂರಿನ ಬಸ್ ನಿಲ್ದಾಣದ ಎದುರಿನಲ್ಲಿ ಅಮಾವಾಸ್ಯೆಯ ದಿನ ಒಂದು ಗಳಿಗೆಯ ಹೊತ್ತು ನಿಂತು ನೋಡಿದವರಿಗೆ, ಮಲೆ ಮಹದೇಶ್ವರನ ಬೆಟ್ಟಕ್ಕೆ ಹೊರಟ ವಾಹನಗಳ ಸಾಲು ಎಷ್ಟು ದೀರ್ಘವಾದುದೆಂಬುದೂ, ಅವುಗಳಲ್ಲಿ ಕುಳಿತವರ ಪೈಕಿ ಈ ಊರಿನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯುವವರು ಎಷ್ಟು ವಿರಳರೆಂಬುದೂ ಏಕಕಾಲದಲ್ಲಿ ವೇದ್ಯವಾಗುತ್ತದೆ. ಇಳಿದವರು ಚಹಾ ಕುಡಿಯುತ್ತಾರೆ, ಬಾಳೆಹಣ್ಣನ್ನೋ ಕಡ್ಲೆಪುರಿಯನ್ನೋ ಕೊಳ್ಳುತ್ತಾರೆ, ಕಂಡಕ್ಟರು ಸೀಟಿ ಊದಿದೊಡನೆ ಮತ್ತೆ ಹತ್ತಿಕೊಳ್ಳುತ್ತಾರೆ. ಅವರನ್ನು ನಾನು ದೂರುವವನಲ್ಲ. ಎಪ್ಪತ್ತೇಳು ಮಲೆಯ ಒಡೆಯನನ್ನು ನೆನೆದು ಮನೆ ಬಿಟ್ಟವರಿಗೆ ನಡುವಣ ಊರು ಕೇವಲ ದಾರಿಯ ಗುರುತಾಗಿ ತೋರುವುದು ಸಹಜವೇ. ಆದರೆ ಕೊಳ್ಳೇಗಾಲವೂ ಹಾಗೆಯೇ ಬೆಟ್ಟಕ್ಕೂ ಭರಚುಕ್ಕಿ ಜಲಪಾತಕ್ಕೂ ಹೋಗುವವರ ತಂಗುದಾಣವೆಂದೂ, ಯಳಂದೂರು ಬಿಳಿಗಿರಿರಂಗನ ಬೆಟ್ಟದ ಕಡೆಗೆ ತಿರುಗುವ ತಿರುವೆಂದೂ ಮಾತ್ರ ಲೋಕದ ಗಣನೆಗೆ ಬಂದಿರುವುದನ್ನು ಕಂಡಾಗ, ಈ ಮೂರು ಊರುಗಳೂ ತಮ್ಮ ಮಾತನ್ನು ತಾವು ಆಡದೆ ಉಳಿದುದರ ಫಲವಿದು ಎಂದು ನನಗೆ ತೋರುತ್ತದೆ. ಆದಕಾರಣ, ಊರಿನಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಬಲ್ಲವನ ಜೊತೆಯಲ್ಲಿ, ಒಂದು ಗಂಟೆಯ ಕಾಲ, ಬರಿಯ ಕಾಲ್ನಡಿಗೆಯಲ್ಲಿ ಊರನ್ನು ಸುತ್ತಿ ನೋಡುವ ಏರ್ಪಾಡು ಇವುಗಳಲ್ಲಿ ಪ್ರತಿಯೊಂದಕ್ಕೂ ಆಗಬೇಕೆಂಬ ಅಭಿಪ್ರಾಯವನ್ನು ಓದುಗರ ಮುಂದೆ ಇಡಬಯಸುತ್ತೇನೆ.

ಈ ಯೋಚನೆಯು ನನ್ನಲ್ಲಿ ಬೇರುಬಿಡುವುದಕ್ಕೆ ನನ್ನ ಸೋದರಳಿಯನ ಮಾತು ಕಾರಣವಾಯಿತು. ಉದ್ಯೋಗನಿಮಿತ್ತವಾಗಿ ಯೂರೋಪಿನಲ್ಲಿರುವ ಅವನು, ನಾರ್ವೆ ದೇಶದ ರೋರೋಸ್ ಎಂಬ ಗಣಿಯ ಊರಿನಲ್ಲಿ ಒಂದು ಬೇಸಗೆಯ ಪ್ರಾತಃಕಾಲ ಹತ್ತು ಹನ್ನೆರಡು ಮಂದಿ ಅಪರಿಚಿತರೊಡನೆ ಮಾರ್ಗದರ್ಶಕಿಯೊಬ್ಬಳನ್ನು ಹಿಂಬಾಲಿಸಿ ನಡೆದುದನ್ನು, ರಜೆಗೆ ಬಂದಿದ್ದಾಗ ನಮ್ಮ ಜಗಲಿಯ ಮೇಲೆ ಕುಳಿತು ವಿಸ್ತಾರವಾಗಿ ವರ್ಣಿಸಿದನು. ಜನಸಂಖ್ಯೆಯಲ್ಲಿ ನಮ್ಮ ಹನೂರಿಗಿಂತ ಚಿಕ್ಕದಾದ ಊರು ಅದು. 1644ರಲ್ಲಿ ತಾಮ್ರದ ಗಣಿ ಆರಂಭವಾದುದರಿಂದ ಹುಟ್ಟಿ, 1977ರಲ್ಲಿ ಗಣಿಯ ಕಂಪನಿ ದಿವಾಳಿಯಾದುದರಿಂದ ಬದುಕಿನ ಆಸರೆಯನ್ನು ಕಳೆದುಕೊಂಡು, 1980ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಊರಿನಲ್ಲಿ ಇರತಕ್ಕದ್ದು ಮರದ ಮನೆಗಳ ಎರಡು ಬೀದಿ, 1784ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಇಗರ್ಜಿ, ಮತ್ತು ಅದಿರನ್ನು ಕರಗಿಸಿ ಎಸೆದ ಕಿಟ್ಟದ ಕರಿಯ ದಿಬ್ಬಗಳು. ಕಿಟ್ಟದ ದಿಬ್ಬವನ್ನು ಯಾರಾದರೂ ಹಣಕೊಟ್ಟು ನೋಡುವುದುಂಟೆ ಎಂದು ನಾನು ಕೇಳಿದೆ. ಅವನು ಹೇಳಿದ ಉತ್ತರ ನನ್ನ ಮನಸ್ಸಿನಲ್ಲಿ ನಿಂತಿತು: ಆ ಹೆಂಗಸು ಅವರನ್ನು ಗಣಿಯ ಅಧಿಕಾರಿಗಳ ದೊಡ್ಡ ಮನೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿಸಲಿಲ್ಲವಂತೆ, ದಿಬ್ಬದ ಬುಡಕ್ಕೆ ಆತುಕೊಂಡಿದ್ದ, ಹೊಲವೂ ಹಸುವೂ ಇಲ್ಲದ ಬಡ ಕೂಲಿಕಾರರ ಪುಟ್ಟ ಮನೆಗಳ ಬೀದಿಗೆ ಕರೆದೊಯ್ದು, ಬಾಗಿ ಒಳಹೊಗಬೇಕಾದ ಒಂದು ಬಾಗಿಲನ್ನು ತೆರೆದು, ಅಲ್ಲಿ ಎಷ್ಟು ಜನ ಮಲಗುತ್ತಿದ್ದರೆಂಬುದನ್ನು ಹೇಳಿ ಸುಮ್ಮನಾದಳಂತೆ. ಅಷ್ಟರಿಂದಲೇ ಕಿಟ್ಟದ ದಿಬ್ಬಕ್ಕೆ ಅರ್ಥ ಬಂದಿತು.

ನಮ್ಮ ನಾಡಿಗೆ ಈ ಬಗೆಯ ನಡಿಗೆ ತೀರ ಅಪರಿಚಿತವೇನಲ್ಲ. ಮೈಸೂರಿನಲ್ಲಿ ದಸರೆಯ ಕಾಲದಲ್ಲಿ ಪರಂಪರೆ ಇಲಾಖೆಯವರು ಪುರಭವನದಿಂದ ಹೊರಟು ಅರಮನೆಯ ಸುತ್ತಣ ಕಟ್ಟಡಗಳನ್ನು ತೋರಿಸುವ ಪಾರಂಪರಿಕ ನಡಿಗೆಯನ್ನು ನಡೆಸಿಕೊಂಡು ಬಂದಿದ್ದಾರೆ. ಬೆಂಗಳೂರಿನಲ್ಲಿಯೂ ಅಂಥ ಪ್ರಯತ್ನಗಳು ಸಾಗಿವೆ. ಆದರೆ ಮೈಸೂರಿಗೆ ಅರಮನೆಯಿದೆ, ಬೆಂಗಳೂರಿಗೆ ಜನವಿದೆ. ಅವುಗಳಿಗೆ ಮಾರ್ಗದರ್ಶಕನಿಲ್ಲದಿದ್ದರೂ ನೋಡುವವರು ಬಂದೇ ಬರುತ್ತಾರೆ. ಹೇಳುವವನ ಅಗತ್ಯ ಹೆಚ್ಚಾಗಿರುವುದು ಚಿಕ್ಕ ಊರಿಗೆ.

ಯಳಂದೂರನ್ನೇ ತೆಗೆದುಕೊಳ್ಳೋಣ. ಗೌರೀಶ್ವರ ದೇವಾಲಯದ ಮುಂದಿನ ಮಹಾದ್ವಾರಕ್ಕೆ ಜನರು ಬಳೆಮಂಟಪವೆಂದು ಹೆಸರಿಟ್ಟಿರುವುದು ಅದರ ಮೂಲೆಗಳಲ್ಲಿ ಕಲ್ಲಿನಲ್ಲಿಯೇ ಕೊರೆದು ಇಳಿಬಿಟ್ಟ ಬಳೆಗಳ ಸರಪಣಿಯ ದೆಸೆಯಿಂದ. ಹದಿನಾಡಿನ ಪ್ರಭುಗಳ ಆಶ್ರಯದಲ್ಲಿ ಕೆಲಸಮಾಡಿದ ಆ ಅಜ್ಞಾತಶಿಲ್ಪಿಯು, ಭಾರವೇ ಸ್ವಭಾವವಾದ ಶಿಲೆಗೆ ತೂಗಾಡುವ ಗುಣವನ್ನು ಕೊಡುವುದರಲ್ಲಿ ಎಷ್ಟು ದಿನ ಉಸಿರು ಬಿಗಿಹಿಡಿದಿದ್ದಿರಬೇಕೆಂಬುದನ್ನು ಊಹಿಸಿದರೆ ಮೈ ಜುಮ್ಮೆನ್ನುತ್ತದೆ. ಒಂದು ಬಳೆ ಸೀಳಿದ್ದರೆ ಅಷ್ಟೂ ಶ್ರಮ ನಿಷ್ಫಲವಾಗುತ್ತಿತ್ತಲ್ಲವೆ! ನಾನು ಕಳೆದ ಕಾರ್ತಿಕದಲ್ಲಿ ಅಲ್ಲಿ ನಿಂತು ಆ ಬಳೆಗಳನ್ನು ಎಣಿಸಲು ತೊಡಗಿ, ಕತ್ತು ನೋಯಲಾಗಿ ಲೆಕ್ಕ ತಪ್ಪಿ, ಎದುರಿಗೆ ಹೂ ಕಟ್ಟುತ್ತಿದ್ದ ಮುದುಕಿಯನ್ನು ಎಷ್ಟಿವೆಯೆಂದು ಕೇಳಿದೆನು. “ಎಷ್ಟವ ಅಂತ ಯಾರ್ ಎಣ್ಸಿದ್ದರು ಸ್ವಾಮಿ? ನಮ್ಮವ್ವ ಹೇಳ್ತಿದ್ಲು, ಕಲ್ಲು ಒಂದೇಯ, ಬಳ ಮಾತ್ರ ಬ್ಯಾರ ಬ್ಯಾರ ಅಂತ” ಎಂದು ಆಕೆ ನುಡಿದಳು. ಶಿಲ್ಪದ ಮರ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಅಂಥ ಮಾತನ್ನು ಕೇಳುವುದಕ್ಕಾಗಿಯೇ ಜನ ಅಲ್ಲಿಗೆ ಬರಬೇಕು.

ಮಂಟಪದಿಂದ ನಡೆದುಹೋಗುವಷ್ಟು ದೂರದಲ್ಲಿ ಯಳಂದೂರಿನ ಉಳಿದ ಸಂಪತ್ತೆಲ್ಲವೂ ಇದೆ. ಟಿಪ್ಪುವಿನ ಕಾಲದಲ್ಲಿ ಲೆಕ್ಕಪತ್ರಗಳನ್ನು ನೋಡಿಕೊಂಡಿದ್ದು, ಅನಂತರ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರವನ್ನು ಹೊತ್ತ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಈ ಊರು ಜಹಗೀರಾಗಿ ಸಂದಿತು. ಅವರ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ತಾವೂ ಮೈಸೂರಿನ ದಿವಾನರಾದರು. ಆ ಜಹಗೀರ್ದಾರರ ಬಂಗಲೆ ಇನ್ನೂ ನಿಂತಿದೆ. ರಾಜಶೇಖರವಿಳಾಸವನ್ನು 1655ರಲ್ಲಿ ರಚಿಸಿದ ಷಡಕ್ಷರದೇವನ ಗದ್ದುಗೆಯೂ ಇದೇ ಊರಿನಲ್ಲಿದೆ, ಕನ್ನಡ ಎಂ.ಎ. ತರಗತಿಯಲ್ಲಿ ಆ ಚಂಪುವನ್ನು ಓದಿದ ಎಷ್ಟೋ ಮಂದಿ ಅದರ ಕರ್ತೃ ಎಲ್ಲಿ ಒರಗಿದ್ದಾನೆಂಬುದನ್ನು ತಿಳಿಯದೆ ಆ ರಸ್ತೆಯಲ್ಲಿಯೇ ಬಿಳಿಗಿರಿಗೆ ಹೋಗಿಬಂದಿದ್ದಾರೆ. ಇನ್ನು ಸಂಚಿಯ ಹೊನ್ನಮ್ಮ! ಸಾಹಿತ್ಯಚರಿತ್ರೆಕಾರರು ಯಳಂದೂರಿನವಳೆಂದು ಹೇಳುವ ಈ ಹೆಣ್ಣುಮಗಳು, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದುಕೊಂಡೇ ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ಬರೆದಳು. ಪತಿವ್ರತೆಯ ಕರ್ತವ್ಯವನ್ನು ಹೇಳುವ ಕೃತಿಯ ನಡುವೆಯೇ, ಹೆಣ್ಣನ್ನು ಹೀಗಳೆಯುವವರನ್ನು ತಡೆದು ನಿಲ್ಲಿಸಿ ಪ್ರಶ್ನಿಸಿದಳು. ಅವಳು ಹುಟ್ಟಿದ ಮನೆ ಇದೆಂದು ತೋರಿಸುವುದಕ್ಕೆ ಇಂದು ಒಂದು ಗೋಡೆಯೂ ಇಲ್ಲ. ಆದರೆ ಮಾರ್ಗದರ್ಶಕನಿಗೆ ಗೋಡೆಯೇ ಬೇಕೆಂದಿಲ್ಲ. ಹೊನ್ನುಹೊಳೆಯೆಂದು ಜನ ಕರೆಯುವ ಸುವರ್ಣಾವತಿಯ ದಂಡೆಯಲ್ಲಿ ಹತ್ತು ಹುಡುಗಿಯರನ್ನು ನಿಲ್ಲಿಸಿ, ಈ ನೀರನ್ನು ಕುಡಿದು ಬೆಳೆದ ಒಬ್ಬಳು ಹೀಗೆ ಕೇಳಿದಳು ಎಂದು ಹೇಳಿದರೆ ಸಾಕು.

ಕೊಳ್ಳೇಗಾಲದ ಸಂಗತಿ ಬೇರೆ. ಆ ಊರಿನ ಹೆಸರನ್ನೆತ್ತಿದ ಕೂಡಲೆ ಮಾಟಮಂತ್ರದ ಮಾತನ್ನು ತೆಗೆದು ಕಣ್ಣರಳಿಸುವ ಜನರನ್ನು ನಾನು ಧಾರವಾಡದಲ್ಲಿಯೂ ಕಂಡಿದ್ದೇನೆ, ಮಂಗಳೂರಿನಲ್ಲಿಯೂ ಕಂಡಿದ್ದೇನೆ; ಸಿನಿಮಾದವರು ಆ ಅಪಖ್ಯಾತಿಯನ್ನು ಪೋಷಿಸಿದರು. ಬೆಳಗಿನ ಜಾವಕ್ಕೆ ಎದ್ದು ಮಗ್ಗದ ಗುಂಡಿಗೆ ಇಳಿದು, ಸಂಜೆಯವರೆಗೆ ಲಾಳಿ ಎಸೆದು, ರೇಷ್ಮೆಯ ಸೀರೆಗೆ ಅಂಚು ಸೆರಗುಗಳನ್ನು ಕೂಡಿಸಿದ ತಲೆಮಾರುಗಳ ಊರಿಗೆ ಈ ಹೆಸರು ಬಂದುದು ನನಗೆ ಯಾವಾಗಲೂ ನೋವಿನ ವಿಷಯ. ದೇವಾಂಗದವರ ಬೀದಿಯಲ್ಲಿ ಒಂದು ಮನೆಯ ಹೊಸ್ತಿಲ ಬಳಿ ಹತ್ತು ನಿಮಿಷ ನಿಂತು, ಹಾಸು ಯಾವುದು ಹೊಕ್ಕು ಯಾವುದು ಎಂಬುದನ್ನು ನೇಯುವವರ ಬಾಯಿಂದಲೇ ಕೇಳಿದವನು, ಚಂದ್ರಂಕಿಯೆಂಬ ಬಿದಿರಿನ ತಟ್ಟೆಯ ಮೇಲೆ ಹುಳು ಗೂಡು ಕಟ್ಟುವುದನ್ನೂ, ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಯನ್ನು ಹೆಂಗಸರು ಬೆರಳಿನಿಂದಲೇ ಹುಡುಕಿ ಬಿಚ್ಚುವುದನ್ನೂ ಕಂಡವನು, ಕೊಳ್ಳೇಗಾಲದ ಮಂತ್ರವಿದ್ಯೆಯೆಂದರೆ ಏನೆಂಬುದನ್ನು ಮನೆಗೆ ಹೋಗಿ ಬೇರೆಯಾಗಿ ಹೇಳುತ್ತಾನೆ. ಮಗ್ಗಗಳು ಕಡಿಮೆಯಾಗುತ್ತಿವೆ, ಆದಕಾರಣ ಈ ಕೆಲಸಕ್ಕೆ ಕಾಲಾವಕಾಶವೂ ಕಡಿಮೆ.

ಮರಡಿಗುಡ್ಡದ ಮೇಲಕ್ಕೆ ಹತ್ತಿಸಿ ಸುತ್ತಣ ಬಯಲನ್ನು ತೋರಿಸುತ್ತ ಅಲ್ಲಿ ಹೇಳಬೇಕಾದ ಇನ್ನೊಂದು ಕಥೆಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕೊಳ್ಳೇಗಾಲವು ಕಂಪನಿಯ ವಶಕ್ಕೆ ಹೋಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿಕೊಂಡಿತು; ಯಳಂದೂರು ಮೈಸೂರಿನಲ್ಲಿಯೇ ಉಳಿಯಿತು. ಎತ್ತಿನ ಗಾಡಿಯಲ್ಲಿ ಅರ್ಧ ದಿನದೊಳಗೆ ಒಂದರಿಂದ ಇನ್ನೊಂದನ್ನು ಮುಟ್ಟಬಹುದಾದ ಎರಡು ಕನ್ನಡದ ಊರುಗಳ ನಡುವೆ, ಒಂದೂವರೆ ಶತಮಾನಕ್ಕೂ ಮೀರಿ, ಎರಡು ಸರ್ಕಾರಗಳ ಗಡಿ ನಿಂತಿತ್ತು. ಹೆಣ್ಣನ್ನು ಕೊಟ್ಟು ತರುವುದಕ್ಕೆ ಗಡಿ ಅಡ್ಡಬರಲಿಲ್ಲ. ಆದರೆ ಕಚೇರಿಯ ಕಾಗದ ಬೇರೆ, ಪಾಠದ ಪುಸ್ತಕ ಬೇರೆ. 1956ರ ನವೆಂಬರ್ 1ರಂದು ಆ ಗೆರೆ ಅಳಿಸಿಹೋಯಿತು. ಅಂದು ಬಾಲಕರಾಗಿದ್ದವರು ಇಂದು ಎಂಬತ್ತರ ಆಚೆ ಈಚೆ ಇದ್ದಾರೆ. ಅವರ ಬಾಯಿಂದ ಅದನ್ನು ಕೇಳಿ ಬರೆದಿಡುವ ಕೆಲಸವು ಮಾರ್ಗದರ್ಶಕನ ಸಿದ್ಧತೆಯ ಮೊದಲ ಪಾಠವಾಗಲಿ.

ಹನೂರಿನಲ್ಲಿ ತೋರಿಸುವುದಕ್ಕೆ ಏನಿದೆ ಎಂದು ನಮ್ಮವರೇ ಕೇಳುತ್ತಾರೆ. ಈಚೆಗೆ ತಾಲ್ಲೂಕಿನ ಪದವಿಯನ್ನು ಪಡೆದ ಈ ಊರಿನಲ್ಲಿ ಬಳೆಮಂಟಪವಿಲ್ಲ, ದಿವಾನರ ಬಂಗಲೆಯಿಲ್ಲ ಎಂಬುದು ನಿಜ. ಆದರೆ ಬೆಟ್ಟಳ್ಳಿ ಮಾರಮ್ಮನ ಗುಡಿಯ ಮುಂದೆ ನಿಂತು ಸಂತೆಯ ಮಾತುಗಳಿಗೆ ಕಿವಿಗೊಟ್ಟರೆ, ಕನ್ನಡದ ಪಕ್ಕದಲ್ಲಿ ತಮಿಳು ಕೇಳಿಸುತ್ತದೆ, ಕಾಡಿನಿಂದ ಇಳಿದುಬಂದ ಸೋಲಿಗರ ನುಡಿ ಕೇಳಿಸುತ್ತದೆ. 1970ರ ದಶಕದಿಂದ ಒಡೆಯರಪಾಳ್ಯದಲ್ಲಿ ನೆಲೆನಿಂತ ಟಿಬೆಟ್ಟಿನ ಜನರ ಊರೂ ಇದೇ ಸೀಮೆಯಲ್ಲಿದೆ. ಎಲ್ಲಕ್ಕಿಂತ ಮಿಗಿಲಾಗಿ, ಊರನ್ನು ನಡೆದು ಹೇಳುವ ವಿದ್ಯೆಯೇ ಇಲ್ಲಿಯದು. ಕಂಸಾಳೆಯ ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯವನ್ನು ಗಮನಿಸಿ ಕೇಳಿದವರು ಬಲ್ಲರು: ಸುತ್ತೂರು ಮಠದಲ್ಲಿ ರಾಗಿ ಬೀಸಿ, ಕುಂತೂರು ಮಠಕ್ಕೆ ಬಂದು, ಆಲಂಬಾಡಿಯ ಜುಂಜೇಗೌಡನನ್ನು ಒಲಿಸಿಕೊಂಡು ಏಳುಮಲೆಯನ್ನು ಸೇರಿದ ಆ ಮಹಿಮನ ಕಥೆಯು ಹೆಜ್ಜೆ ಹೆಜ್ಜೆಗೂ ಒಂದೊಂದು ಸ್ಥಳದ ಕಥೆ. ಶಿವರಾತ್ರಿಯ ಸಮಯದಲ್ಲಿ ರಾಮನಗರ, ಕನಕಪುರಗಳ ಕಡೆಯಿಂದ ಕಾವೇರಿಯನ್ನು ದಾಟಿ ಕಾಡಿನ ದಾರಿಯಲ್ಲಿ ನಡೆದುಬರುವ ಸಹಸ್ರಾರು ಜನ ಆ ಕಾವ್ಯದ ಜಾಡಿನಲ್ಲಿಯೇ ನಡೆಯುತ್ತಾರೆ. ನಾರ್ವೆಯವರು ಸಂಬಳ ಕೊಟ್ಟು ಕಲಿಸುವ ವಿದ್ಯೆಯನ್ನು ನಮ್ಮ ಗುಡ್ಡರು ದೀಕ್ಷೆಯಾಗಿ ಪಡೆದಿದ್ದಾರೆ.

ಈ ಸೀಮೆಯ ನೋವಿನ ವರ್ಷಗಳನ್ನೂ ಮುಚ್ಚಿಡಬಾರದು. ಹನೂರೆಂದರೆ ಕಾಡುಗಳ್ಳ ವೀರಪ್ಪನ್ ಎಂದು ಮಾತ್ರ ತಿಳಿದವರಿಗೆ, 1991ರಲ್ಲಿ ಪ್ರಾಣವನ್ನು ಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸರ ಹೆಸರನ್ನು ಹೇಳಬೇಕು. 1992ರಲ್ಲಿ ರಾಮಾಪುರದ ಠಾಣೆಯಲ್ಲಿಯೂ ಮಿಣ್ಯದ ಕಾಡಿನಲ್ಲಿಯೂ ಮಡಿದ ಪೊಲೀಸರನ್ನು, ಅವರಲ್ಲಿ ಅಧಿಕಾರಿಗಳಾಗಿದ್ದ ಹರಿಕೃಷ್ಣ, ಶಕೀಲ್ ಅಹಮದ್ ಅವರನ್ನು ನೆನೆಯಬೇಕು. ಎರಡು ಕಡೆಯ ಭಯದ ನಡುವೆ ಸಿಕ್ಕಿ, ಸೌದೆಗೆ ಕಾಡಿಗೆ ಹೋಗಲೂ ಅಂಜಿದ ಹಳ್ಳಿಯವರ ಪಾಡನ್ನೂ ಹೇಳಬೇಕು. ಕೊಂದವನ ಹೆಸರು ಉಳಿದು ಸತ್ತವರ ಹೆಸರು ಅಳಿಯುವುದು ನ್ಯಾಯವಲ್ಲ.

ಹೇಳುವವನಿಗೆ ಒಂದು ನಿಯಮ ಅತ್ಯಗತ್ಯವೆಂದು ನಾನು ನಂಬಿದ್ದೇನೆ. ಐತಿಹ್ಯವನ್ನು ಐತಿಹ್ಯವಾಗಿಯೂ, ಶಾಸನವನ್ನು ಶಾಸನವಾಗಿಯೂ ಅವನು ಹೇಳಬೇಕು. ಕಹೋಳ ಗಾಲವರೆಂಬ ಋಷಿಗಳಿಂದ ಕೊಳ್ಳೇಗಾಲವೆಂಬ ಹೆಸರು ಬಂದಿತೆಂಬ ಕಥೆ ಸುಂದರವಾದುದು. ಅದನ್ನು ಬಿಡಬೇಕಾಗಿಲ್ಲ, ಆದರೆ ಕಲ್ಲಿನ ಮೇಲಿನ ಬರಹದ ಸಾಲಿನಲ್ಲಿ ಅದನ್ನು ಕೂಡಿಸಲೂ ಬಾರದು. ಒಮ್ಮೆ ಒಂದು ಪುಣ್ಯಕ್ಷೇತ್ರದಲ್ಲಿ ನನ್ನನ್ನು ಸುತ್ತಿಸಿದ ಮಾರ್ಗದರ್ಶಕನು ಪ್ರತಿಯೊಂದು ಕಂಬವನ್ನೂ ಪಾಂಡವರು ನಿಲ್ಲಿಸಿದರೆಂದು ಹೇಳುತ್ತ ಹೋಗಿ, ಕೊನೆಗೆ ಹಣಕ್ಕಾಗಿ ಜಗಳವಾಡಿದನು. ಆ ದಿನ ನಾನು ಕಂಡ ಶಿಲ್ಪದಲ್ಲಿ ಒಂದೂ ನೆನಪಿನಲ್ಲಿ ಉಳಿಯಲಿಲ್ಲ. ಕೇಳುವವನ ವಿವೇಕವನ್ನು ಗೌರವಿಸದ ಕಡೆ ಕಣ್ಣು ಕೂಡ ಮುಚ್ಚಿಕೊಳ್ಳುತ್ತದೆ.

ಇದಕ್ಕೆ ತಗಲುವ ವೆಚ್ಚವಾದರೂ ಎಷ್ಟು? ಹೊಸ ಕಟ್ಟಡ ಬೇಡ, ಕಮಾನು ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಪದವಿ ಮುಗಿಸಿ ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುತ್ತಿರುವ ನಮ್ಮ ತರುಣ ತರುಣಿಯರಲ್ಲಿ ಊರಿಗೆ ಇಬ್ಬರನ್ನು ಆರಿಸಿ, ಆರು ತಿಂಗಳ ಕಾಲ ಶಾಸನ, ಸಾಹಿತ್ಯ, ಜಾನಪದಗಳನ್ನು ಬಲ್ಲವರಿಂದ ಪಾಠ ಹೇಳಿಸಿ, ತಿಂಗಳ ಸಂಬಳವನ್ನು ನಗರಸಭೆ, ಪಟ್ಟಣ ಪಂಚಾಯಿತಿಗಳೂ ಪ್ರವಾಸೋದ್ಯಮ ಇಲಾಖೆಯೂ ಕೂಡಿ ಕೊಟ್ಟರೆ ಕೆಲಸ ಆರಂಭವಾಗುತ್ತದೆ. ಬೆಟ್ಟಕ್ಕೆ ಹೋಗುವವರು ಇಲ್ಲಿ ಏಕೆ ಇಳಿಯುತ್ತಾರೆ ಎಂದು ಆಕ್ಷೇಪಿಸುವವರಿದ್ದಾರೆ. ಇಳಿಯದಿದ್ದರೆ ಮೊದಲ ವರ್ಷ ಇಳಿಯದಿರಲಿ; ಊರಿನ ಶಾಲೆಯ ಮಕ್ಕಳು ಇದ್ದಾರಲ್ಲ! ತಮ್ಮ ಊರಿನ ಕಥೆಯನ್ನು ಕೇಳುವ ಹಕ್ಕು ಪರಸ್ಥಳದ ಯಾತ್ರಿಕನಿಗಿಂತ ಮುಂಚೆ ಅವರದು, ಮತ್ತು ಅವರು ಮನೆಗೆ ಹೋಗಿ ಹೇಳಿದ ಮಾತು ತಾಯ್ತಂದೆಯರಿಗೂ ಮುಟ್ಟುತ್ತದೆ.

ನಾನಂತೂ ಕಾದು ಕುಳಿತುಕೊಳ್ಳುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಬರುವ ಭಾನುವಾರ, ನಮ್ಮ ಬೀದಿಯ ಹನ್ನೊಂದು ಮಕ್ಕಳನ್ನು ಬೆಳಗಿನ ಮೊದಲ ಬಸ್ಸಿನಲ್ಲಿ ಯಳಂದೂರಿಗೆ ಕರೆದುಕೊಂಡು ಹೋಗುವುದಾಗಿ ಅವರ ಮನೆಯವರಿಗೆ ಹೇಳಿ ಒಪ್ಪಿಸಿಯಾಗಿದೆ. ಹೂ ಕಟ್ಟುವ ಆ ಅಜ್ಜಿ ಅಲ್ಲಿದ್ದರೆ, ಮಾತನ್ನು ಅವರಿಂದಲೇ ಆರಂಭಿಸಬೇಕೆಂದಿದ್ದೇನೆ. ಬಳೆಗಳನ್ನು ಎಣಿಸುವ ಕೆಲಸವನ್ನು ಮಕ್ಕಳಿಗೆ ಬಿಟ್ಟಿದ್ದೇನೆ. ಅವರ ಕತ್ತು ನನ್ನದಕ್ಕಿಂತ ಗಟ್ಟಿ.